ಯಂತ್ರ ಕೂಗಿದರೆ ಚಿನ್ನವೆ?

ಹಾಸನ ಜಿಲ್ಲೆಯಲ್ಲಿಯೂ ಚಿನ್ನವಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಕೆಂಪಿನಕೋಟೆಯಲ್ಲಿ ಹಿಂದಿನವರು ಚಿನ್ನಕ್ಕಾಗಿ ಅಗೆದ ಗುಂಡಿಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಹಾಗಾದರೆ ಮೆಟಲ್ ಡಿಟೆಕ್ಟರ್ ಹಿಡಿದು ಅಲ್ಲಿ ಓಡಾಡಿದರೆ ಅದೃಷ್ಟ ಖುಲಾಯಿಸೀತೆ?

ಆಸ್ಟ್ರೇಲಿಯಾದಲ್ಲಿ ಖುಲಾಯಿಸಿದ್ದುಂಟು. ವಿಕ್ಟೋರಿಯಾ ರಾಜ್ಯದ ಹಳೆಯ ಚಿನ್ನದ ಸೀಮೆಯಲ್ಲಿ 1980ರಲ್ಲಿ ಹವ್ಯಾಸಿಯೊಬ್ಬನಿಗೆ 27 ಕಿಲೋ ತೂಗುವ ಚಿನ್ನದ ಮುದ್ದೆಯೇ ಸಿಕ್ಕಿತು. ಅದನ್ನು ತೋರಿಸಿಕೊಟ್ಟದ್ದು ಈ ಯಂತ್ರ.

ಯಂತ್ರದ ಬುಡದಲ್ಲಿ ತಂತಿಯ ಸುರುಳಿಯಿದೆ. ಅದರಲ್ಲಿ ವಿದ್ಯುತ್ತು ಏರಿಳಿದಾಗ ಕಾಂತಕ್ಷೇತ್ರ ಹುಟ್ಟುತ್ತದೆ. ಮಣ್ಣಿನಲ್ಲಿ ಲೋಹವಿದ್ದರೆ ಅದರೊಳಗೂ ಸುಳಿ ವಿದ್ಯುತ್ತು ಹರಿದು ಮರುಕ್ಷೇತ್ರ ಏಳುತ್ತದೆ. ಅದನ್ನು ಗ್ರಹಿಸಿದ ಯಂತ್ರ ಕೂಗುತ್ತದೆ. ಲಾಳದ ಮೊಳೆಗೂ ಕೂಗು, ಸೋಡಾ ಬಾಟಲಿಯ ಮುಚ್ಚಳಕ್ಕೂ ಕೂಗು!

ಕರ್ನಾಟಕದ ಗಣಿಗಳ ಚಿನ್ನ ಹೆಚ್ಚಾಗಿ ಮುದ್ದೆಯಲ್ಲ, ಬೆಣಚುಕಲ್ಲಿನಲ್ಲಿ ಚದುರಿದ ಸೂಕ್ಷ್ಮ ಕಣ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲಿ ಕೊನೆಗಾಲಕ್ಕೆ ಒಂದು ಟನ್ ಅದಿರಿಗೆ ಸಿಗುತ್ತಿದ್ದುದು ಸುಮಾರು ಮೂರು ಗ್ರಾಂ. ಇಂಥ ಕಣಗಳು ಕೈಯಂತ್ರಕ್ಕೆ ನಿಲುಕವು. ಸಾಲದ್ದಕ್ಕೆ ನುಗ್ಗೇಹಳ್ಳಿ ಸೀಮೆಯ ಶಿಲೆಗಳಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರಿದೆ. ಅದು ಯಂತ್ರವನ್ನು ದಾರಿ ತಪ್ಪಿಸುತ್ತದೆ.

ಅದೇ ಯಂತ್ರವನ್ನು ನಿಧಿಯ ಆಸೆಗೆ ಬಿದ್ದವರೂ ಹಿಡಿಯುತ್ತಾರೆ. ಹಾಳು ಗುಡಿಗಳಲ್ಲಿ ಲಿಂಗ ಕಿತ್ತು, ವಿಗ್ರಹ ಒಡೆದು ಹೋದ ಪ್ರಕರಣಗಳು ನಾಡಿನಲ್ಲಿ ಒಂದೆರಡಲ್ಲ. ಹೊಯ್ಸಳರ ಗುಡಿಗಳಿರುವ ಜಿಲ್ಲೆಗೆ ಇದು ಸಣ್ಣ ಭಯವಲ್ಲ. ಮಣ್ಣಿನಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1962ರ ಕರ್ನಾಟಕ ನಿಧಿ ಕಾಯ್ದೆ ಹೇಳುತ್ತದೆ. ಚಿನ್ನದ ಅದಿರನ್ನು ಅಗೆಯಲೂ ಪರವಾನಗಿ ಬೇಕು. ಪೊದೆ ಮುಚ್ಚಿದ ಹಳೆಯ ಗಣಿಗುಂಡಿಯಂತೂ ಕಾಲಿಟ್ಟವರ ಜೀವಕ್ಕೇ ಎರವಾದೀತು. ಮಕ್ಕಳನ್ನು ಅತ್ತ ಬಿಡಬಾರದು.

ಯಂತ್ರವಿಲ್ಲದ ಕಾಲದಲ್ಲಿ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದರು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಮಾತ್ರ. ಮರಳು ತೇಲಿ ಹೋದಾಗ ಚಿನ್ನ ತಳದಲ್ಲಿ ಉಳಿಯುತ್ತಿತ್ತು. ಇಂದಿನ ಭೂವಿಜ್ಞಾನಿಗಳೂ ಹಳ್ಳದ ಮರಳನ್ನು ಪರೀಕ್ಷಿಸಿ, ಚಿನ್ನ ಎತ್ತಲಿಂದ ಬಂತೆಂದು ಮೇಲಕ್ಕೆ ಹುಡುಕುತ್ತಾ ಹೋಗುತ್ತಾರೆ.

ಇದರ ಪಾಠ ಮನೆಯಲ್ಲೇ ಆಗಬಹುದು. ಹೊಳೆನರಸೀಪುರವಾಗಲಿ ಅರಕಲಗೂಡಾಗಲಿ, ಒಂದು ಹಿಡಿ ಹೊಳೆಮರಳನ್ನು ದೊಡ್ಡವರೇ ತಂದುಕೊಡಲಿ. ತಟ್ಟೆಯಲ್ಲಿ ನೀರು ಹಾಕಿ ಮೆಲ್ಲಗೆ ತೂಗಿದರೆ ಕಪ್ಪು ಕಣಗಳು ತಳದಲ್ಲಿ ನಿಲ್ಲುತ್ತವೆ. ಒಣಗಿಸಿ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡವು ಹೆಚ್ಚಾಗಿ ಮ್ಯಾಗ್ನಟೈಟ್. ಹೊಳೆನರಸೀಪುರದ ಸುತ್ತ 300 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳಿವೆ. ಕೈಯಲ್ಲಿರುವ ಕಣ ಅಂಥದೊಂದು ಬಂಡೆಯಿಂದ ಸವೆದು ಬಂದದ್ದಿರಲೂಬಹುದು. ಅಷ್ಟನ್ನು ತಿಳಿಯಲು ಗುಡಿ ಅಗೆಯಬೇಕಿಲ್ಲ, ಹತ್ತು ಪೈಸೆಯ ಖರ್ಚೂ ಇಲ್ಲ.