ಮದುವೆಗೆ ಕಪ್ಪೆ ಬೇಕು, ಕಪ್ಪೆಗೆ ಕುಂಟೆ ಬೇಕು

ಮಧುಗಿರಿ ಉಪವಿಭಾಗಾಧಿಕಾರಿಗಳಿಗೆ,



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ನಿಮ್ಮ ಸುಪರ್ದಿಯಲ್ಲಿವೆ. ಮುಂಗಾರು ಕೈಕೊಟ್ಟರೆ ಮೇವು, ಟ್ಯಾಂಕರ್, ಬೆಳೆವಿಮೆ ಎಂದು ಅರ್ಜಿ ಬರುವುದು ನಿಮಗೆ ಗೊತ್ತು. ಅದೇ ಹೊತ್ತಿಗೆ ಊರವರು ಮೇಲಿನವನಿಗೂ ಒಂದು ಅರ್ಜಿ ಹಾಕಿರುತ್ತಾರೆ, ಕಪ್ಪೆಯ ಕೈಲಿ ಕೊಟ್ಟು.

ಕಪ್ಪೆ ಮದುವೆ ಅಂದರೆ ನಗುವವರು ನಗಲಿ. ಎರಡು ಕಪ್ಪೆ ಹಿಡಿದು ಅರಿಸಿನ ಕುಂಕುಮ ಹಚ್ಚುತ್ತಾರೆ, ಅರಿಸಿನದ ದಾರ ಕಟ್ಟುತ್ತಾರೆ. ಹೆಣ್ಣು ಒದ್ದಾಡಿ ಜಾರಿದರೆ ಸೋಬಾನೆ ಅರ್ಧಕ್ಕೆ ನಿಲ್ಲುತ್ತದೆ, ಹಿಡಿದು ತಂದ ಮೇಲೆ ಮುಂದುವರಿಯುತ್ತದೆ. ದೊಡ್ಡದೇ ಗಂಡು ಎಂದು ಹಿರಿಯರ ತೀರ್ಮಾನ. ಸಾಮಾನ್ಯವಾಗಿ ದೊಡ್ಡದು ಹೆಣ್ಣು, ಅದನ್ನು ಮದುವೆ ಮನೆಯಲ್ಲಿ ಹೇಳಬಾರದು! ಕೊನೆಗೆ ಎರಡನ್ನೂ ನೀರಿಗೆ ಬಿಡುತ್ತಾರೆ. ಪಾವಗಡದಾಚೆಯ ತೆಲುಗು ಸೀಮೆಯಲ್ಲಿ ಕಪ್ಪೆಯನ್ನು ಬೇವಿನ ಸೊಪ್ಪಿನ ಜೊತೆ ಕೋಲಿಗೆ ಕಟ್ಟಿ ಮನೆ ಮನೆಗೆ ಹೊರುತ್ತಾರೆ, ಹೆಂಗಸರು ನೀರು ಹುಯ್ಯುತ್ತಾರೆ. ಕಟ್ಟುವುದು ನನಗೆ ಹಿಡಿಸದು.

ಕಪ್ಪೆ ಕೊಂದರೆ ಮಳೆ ಹೋಗುತ್ತದೆ ಎಂದು ನಮ್ಮನ್ನು ಗದರಿ ಬೆಳೆಸಿದರು. ಆ ಗದರಿಕೆಯ ಹಿಂದೆ ಕಣ್ಣಿಟ್ಟು ನೋಡಿದ ಅನುಭವವಿದೆ. ವರ್ಷವಿಡೀ ಸುಮ್ಮನಿದ್ದ ಕಪ್ಪೆಗಳು ಮಳೆಗೆ ದನಿ ಎತ್ತುವುದನ್ನು ಋಗ್ವೇದದ ಏಳನೇ ಮಂಡಲದ 103ನೇ ಸೂಕ್ತವೂ ಕಂಡಿದೆ. ಬೇಸಿಗೆಯಲ್ಲಿ ನಮ್ಮ ಹಲವು ಕಪ್ಪೆಗಳು ಮಣ್ಣೊಳಗೆ ಸೇರುತ್ತವೆ. ಕೆಲವು ಜಾತಿಯವು ಹಿಂಗಾಲಲ್ಲೇ ನೆಲ ಬಗೆದು ಹಿಮ್ಮುಖವಾಗಿ ಇಳಿಯುತ್ತವೆ. ಹದ ಮಳೆ ಬಿದ್ದ ರಾತ್ರಿ ಎದ್ದು ಬಂದ ದೊಡ್ಡ ಜಾತಿಯ ಗಂಡುಗಪ್ಪೆಯ ಮೈ ನಿಂಬೆ ಹಳದಿ, ಗಂಟಲ ಚೀಲ ಕಡು ನೀಲಿ. ಅರಿಸಿನ ಹಚ್ಚುವ ಅಗತ್ಯವೇ ಇಲ್ಲ.

ಅವು ಮೊಟ್ಟೆ ಇಡುವುದು ಹೆಚ್ಚಾಗಿ ಮಳೆಗೆ ತುಂಬಿ ಬೇಸಿಗೆಗೆ ಒಣಗುವ ಕುಂಟೆಗಳಲ್ಲಿ, ಕೆರೆಯಂಗಳದ ತೆಳು ನೀರಲ್ಲಿ. ಅಲ್ಲಿ ಗೊದಮೊಟ್ಟೆ ತಿನ್ನುವ ಮೀನು ಕಡಿಮೆ. ಆ ಕುಂಟೆಗಳೇ ಈಗ ಹೋಗುತ್ತಿವೆ. ಕೆಲವಕ್ಕೆ ಲೇಔಟ್ ಬಂತು, ಕೆಲವು ಪಕ್ಕದ ಹೊಲಕ್ಕೆ ಸೇರಿದವು. ಉಳಿದ ಕೆರೆಗೆ ಹೂಳೆತ್ತುವ ನೆಪದಲ್ಲಿ ಅಂಚಿನಿಂದಲೇ ಜೆಸಿಬಿ ಇಳಿಯುತ್ತದೆ. ಆಳದ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಕಪ್ಪೆಗೆ ದಂಡೆ ಸಿಗುವುದಿಲ್ಲ. ಬೇಸಿಗೆಯ ಕೆಲಸವಾದ್ದರಿಂದ ಮಣ್ಣೊಳಗೆ ಮಲಗಿದವೂ ಟ್ರ್ಯಾಕ್ಟರ್ ಏರುತ್ತವೆ.

2014ರ ಕೃಷಿಭಾಗ್ಯ ಯೋಜನೆಯ ಹೊಂಡಗಳು ರೈತನನ್ನು ಕಾದಿವೆ, ಅದಕ್ಕೆ ತಕರಾರಿಲ್ಲ. ಆದರೆ ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಕಪ್ಪೆ ಎರಡು ಗೇಣು ಹತ್ತಿ ಜಾರಿ, ಮತ್ತೆ ಹತ್ತಿ ಜಾರುವುದನ್ನು ನೋಡಿದ್ದೇನೆ. ಮೇಲಿಂದ ಒಂದು ತೆಂಗಿನ ನಾರಿನ ಹಗ್ಗವೋ ಹಳೆಯ ಗೋಣಿಯೋ ಇಳಿಬಿಟ್ಟರೆ ಸಾಕು. ಕಪ್ಪೆಗಳು ಬೆಳೆ ತಿನ್ನುವ ಹುಳ ತಿನ್ನುತ್ತವೆ ಎಂಬ ಕಾರಣವೂ ಸೇರಿ 1987ರಲ್ಲಿ ದೇಶವೇ ಕಪ್ಪೆ ಕಾಲಿನ ರಫ್ತು ನಿಲ್ಲಿಸಿತು. ಒಂದು ಹಗ್ಗದ ಖರ್ಚು ಭಾರವಾಗದು.

ಮದುವೆಗೆ ಬನ್ನಿ ಎಂದು ಕರೆಯುತ್ತಿಲ್ಲ. ದಾಖಲೆಯಲ್ಲಿರುವ ಸರ್ಕಾರಿ ಕುಂಟೆಗಳನ್ನು ಸರ್ವೆ ಮಾಡಿಸಿ ಒತ್ತುವರಿ ಬಿಡಿಸಿ. ಹೂಳೆತ್ತುವಾಗ ಒಂದು ಬದಿಯ ತೆಳು ಅಂಗಳ ಮುಟ್ಟಬಾರದೆಂದು ಪಂಚಾಯಿತಿಗಳಿಗೆ, ಹೊಂಡಕ್ಕೆ ಹಗ್ಗ ಕಟ್ಟಿಸಬೇಕೆಂದು ಕೃಷಿ ಇಲಾಖೆಗೆ ಬರೆಯಿರಿ. ಬೇಸಿಗೆ ಕಾಮಗಾರಿಗಳ ಕ್ರಿಯಾ ಯೋಜನೆ ಸಿದ್ಧವಾಗುವ ಮುಂಚೆ ಆ ಪತ್ರ ಹೊರಟರೆ ಒಳ್ಳೆಯದು.

ಇಂತಿ,
ಮಧುಗಿರಿ ಸೀಮೆಯ ಒಬ್ಬ ಶೇಂಗಾ ಬೆಳೆಗಾರ