ಮಗು ನೋಡಿದ ನೀಲಾಂಜನೆ

“ಆಯಿ ಯಾವಾಗ ಬರ್ತಾಳ?” ಶ್ರಾವಕರ ಮನೆಯಲ್ಲಿ ಸಾವು ಸಂಭವಿಸಿದ ಮರುದಿನವೇ ಐದಾರು ವರ್ಷದ ಮಗು ಹೀಗೆ ಕೇಳುತ್ತದೆ. ಹಿರಿಯರ ಬಳಿ ಉತ್ತರಗಳು ಸಿದ್ಧವಾಗಿರುತ್ತವೆ: ಊರಿಗೆ ಹೋಗಿದ್ದಾಳೆ, ಮಲಗಿದ್ದಾಳೆ, ದೇವರು ಕರೆದುಕೊಂಡ. ಮೊದಲನೆಯದನ್ನು ನಂಬಿದ ಮಗು ಬಾಗಿಲು ಕಾಯುತ್ತದೆ. ಎರಡನೆಯದನ್ನು ನಂಬಿದ ಮಗು ನಿದ್ರೆಗೆ ಹೆದರುತ್ತದೆ. ಮೂರನೆಯದಂತೂ ಜೈನ ಸಿದ್ಧಾಂತಕ್ಕೇ ಹೊರಗಿನದು. ಜೀವವನ್ನು ಕೊಡುವ, ಕಿತ್ತುಕೊಳ್ಳುವ ದೇವರು ಜಿನಾಗಮದಲ್ಲಿಲ್ಲ. ನಿನ್ನೆಯವರೆಗೆ ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥನಿಗೆ ಕೈಮುಗಿಯುತ್ತಿದ್ದ ಮಗು ಇಂದು ಅವನ ಮೇಲೆಯೇ ಮುನಿಸಿಕೊಳ್ಳುವಂತೆ ಮಾಡುವ ಮಾತು ಅದು.

ಪಂಪಕವಿಯು ಕ್ರಿ.ಶ. 941ರಲ್ಲಿ ರಚಿಸಿದ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗ ಎಲ್ಲರಿಗೂ ಪರಿಚಿತ. ವೃಷಭನಾಥನ ಸಭೆಯಲ್ಲಿ ನರ್ತಿಸುತ್ತಿರುವಾಗಲೇ ಆಕೆಯ ಆಯುಷ್ಯ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಅವಳನ್ನೇ ಹೋಲುವ ಮತ್ತೊಬ್ಬಳನ್ನು ಆ ಕ್ಷಣವೇ ಸೃಷ್ಟಿಸಿ ನಿಲ್ಲಿಸುತ್ತಾನೆ. ಸಭೆಗೆ ತಿಳಿಯುವುದಿಲ್ಲ, ವೃಷಭನಾಥನಿಗೆ ತಿಳಿಯುತ್ತದೆ. ಇದನ್ನು ವೈರಾಗ್ಯದ ಕಥೆಯೆಂದೇ ಹೇಳುವುದು ವಾಡಿಕೆ. ಆದರೆ ತಾಯಿತಂದೆಯರಿಗೂ ಇದರಲ್ಲಿ ಮಾತಿದೆ. ಸತ್ತ ಬೆಕ್ಕಿನ ಮರಿಯನ್ನು ಮಗು ಏಳುವ ಮೊದಲೇ ಸಾಗಿಸಿ, ಅದೇ ಬಣ್ಣದ ಇನ್ನೊಂದನ್ನು ತಂದುಬಿಡುವವರು ಮಾಡುವುದು ಇಂದ್ರನ ಕೆಲಸವನ್ನೇ. ಮಗು ಸಭೆಯಂತೆ ಮೋಸಹೋಗುವುದಿಲ್ಲ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಸಾವನ್ನು ತಿಳಿಹೇಳಲು ಹೊಲ-ತೋಟಗಳೇ ಸಾಕು. ಆದರೆ ಉದಾಹರಣೆಯನ್ನು ಆಯುವಾಗ ಎಚ್ಚರ ಬೇಕು. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಚಾಟ್ನಿಯಾದ ಬಳ್ಳಿ ಬರಿಯ ಕಡ್ಡಿಯಾಗಿ ನಿಂತು, ಕೆಲವು ದಿನಗಳಲ್ಲೇ ಚಿಗುರುತ್ತದೆ. ಅದನ್ನು ತೋರಿಸಿ ‘ಸಾವೆಂದರೆ ಹೀಗೆ’ ಎಂದರೆ ಮಗು ಆಯಿ ಮರಳಿ ಬರುವುದನ್ನೇ ಕಾಯುತ್ತ ಕೂರುತ್ತದೆ. ಆ ಬಳ್ಳಿ ಸತ್ತೇ ಇರಲಿಲ್ಲ. ಬಬಲೇಶ್ವರ ಭಾಗದ ಎರೆಹೊಲದ ಬಿಳಿಜೋಳವೇ ಇದಕ್ಕಿಂತ ಮೇಲು. ಹಿಂಗಾರಿಯಲ್ಲಿ ಬಿತ್ತಿದ ಜೋಳ ಚಳಿಯಲ್ಲಿ ತೆನೆಗಟ್ಟಿ, ಬೇಸಿಗೆಯ ಹೊತ್ತಿಗೆ ಒಣಗಿ ಕಣಿಕೆಯಾಗುತ್ತದೆ. ಆ ದಂಟು ಮತ್ತೆ ಹಸುರಾಗದು. ಮಗು ಅದನ್ನು ಮುಟ್ಟಲಿ, ಮುರಿದೂ ನೋಡಲಿ. ಒಣಗಿದ್ದನ್ನು ಮುರಿಯುವುದರಲ್ಲಿ ಹಿಂಸೆಯಿಲ್ಲ. ಆಯಿಯ ದೇಹವೂ ಹೀಗೆಯೇ ನಿಂತುಹೋಯಿತು, ಅದಕ್ಕೆ ಇನ್ನು ಹಸಿವಿಲ್ಲ, ನೋವಿಲ್ಲ, ಅದು ತಿರುಗಿ ಏಳುವುದಿಲ್ಲ ಎಂಬ ಮಾತು ಆಗ ಕೈಗೆ ಸಿಕ್ಕುವಷ್ಟು ಸ್ಪಷ್ಟವಾಗುತ್ತದೆ. ‘ಸತ್ತಳು’ ಎಂಬ ಪದವನ್ನು ನುಂಗಬೇಕಾಗಿಲ್ಲ.

ಹಾಗಾದರೆ ಆಯಿ ಎಲ್ಲಿ? ಇಲ್ಲಿ ಶ್ರಾವಕರು ತಡವರಿಸಬೇಕಾದ ಕಾರಣವೇ ಇಲ್ಲ. ಆಯುಕರ್ಮ ತೀರಿದಾಗ ಜೀವವು ದೇಹವನ್ನು ಬಿಡುತ್ತದೆ. ನಾಲ್ಕನೆಯ ಸಮಯಕ್ಕೆ ಮೊದಲೇ ಹೊಸ ಜನ್ಮಸ್ಥಾನವನ್ನು ಸೇರುತ್ತದೆ ಎಂಬುದು ತತ್ತ್ವಾರ್ಥಸೂತ್ರದ ನಿಲುವು. ‘ಸಮಯ’ವೆಂದರೆ ಕಾಲದ ಅತ್ಯಂತ ಸೂಕ್ಷ್ಮ ಅಂಶ. ಆದುದರಿಂದ ಆಯಿ ಕತ್ತಲೆಯ ಕೋಣೆಯಲ್ಲಿ ಅಲೆಯುತ್ತಿಲ್ಲ, ಹಸಿದು ಕಾದಿಲ್ಲ. ಮಗುವಿನ ಅರ್ಧ ಭಯ ಇಷ್ಟರಿಂದಲೇ ಇಳಿಯುತ್ತದೆ. ಕರ್ಮದ ಮಾತನ್ನು ಮಾತ್ರ ಅಳತೆಮೀರಿ ಬೆಳೆಸಬಾರದು. ‘ಪಾಪದ ಫಲ’ ಎಂದು ಯಾರೋ ಆಡಿದ ಮಾತನ್ನು ಕೇಳಿಸಿಕೊಂಡ ಮಗು, ತಾನು ಮೊನ್ನೆ ಆಯಿಗೆ ಎದುರಾಡಿದ್ದೇ ಆ ಪಾಪವೆಂದು ಒಳಗೊಳಗೇ ಲೆಕ್ಕಹಾಕುತ್ತದೆ. ಅದು ನಿನ್ನಿಂದ ಆದದ್ದಲ್ಲ ಎಂದು, ಕೇಳದಿದ್ದರೂ, ಬಿಡಿಸಿ ಹೇಳಬೇಕು.

ಕೊನೆಗೆ ಒಂದು ಸಂಜೆ, ಎಲ್ಲ ತಾಯಂದಿರೂ ಅಂಜುವ ಪ್ರಶ್ನೆ ಬಂದೇ ಬರುತ್ತದೆ: “ನೀನೂ ಸಾಯ್ತಿ ಏನವ್ವಾ?”

“ಹೌದು, ಮಗಾ. ಯಾವಾಗಂತ ಯಾರಿಗೂ ಗೊತ್ತಿಲ್ಲ. ಈಗ ಇಲ್ಲೇ ಅದೀನಿ. ಬಾ, ಹೊತ್ತು ಮುಳುಗೂದ್ರಾಗ ಊಟಾ ಮಾಡೂಣು.”