ಮಾಲೀಕರ ತಿಜೋರಿ, ಆಟಗಾರರ ಪಗಾರ



ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನಕ್ಕೆ ನಡೆಯುವ ಶರಣಬಸವೇಶ್ವರರ ರಥೋತ್ಸವ, ಅಂದರೆ ನಮ್ಮೆಲ್ಲರ ಬಾಯಲ್ಲಿ ‘ಅಪ್ಪನ ಜಾತ್ರೆ’, ಭಕ್ತರಿಗೆ ಎಷ್ಟು ಮುಖ್ಯವೋ ಕಲಬುರಗಿಯ ಸಣ್ಣ ವ್ಯಾಪಾರಿಗಳಿಗೂ ಅಷ್ಟೇ ಮುಖ್ಯ. ದೇವಸ್ಥಾನದ ಸುತ್ತಲಿನ ಬಯಲಿನಲ್ಲಿ ಬೆಂಡು ಬತ್ತಾಸು, ಬಳೆ, ಪಾತ್ರೆ ಹಾಗೂ ಆಟಿಕೆಗಳ ಸಾಲುಗಳ ನಡುವೆ ಕೆಲವು ವರ್ಷಗಳಿಂದ ಕೆಂಪು ಬಣ್ಣದ ಕ್ರಿಕೆಟ್ ಅಂಗಿಗಳೂ ತೂಗಾಡುತ್ತಿರುವುದನ್ನು ತಾವು ಗಮನಿಸಿರಬಹುದು. ಅಂತಹ ಒಂದು ಅಂಗಡಿಯ ಮುಂದೆ ಮೊಮ್ಮಗನ ಹಟಕ್ಕೆ ನಿಂತಿದ್ದಾಗ ಅಂಗಡಿಯಾತ ನನ್ನನ್ನು ಕೇಳಿದ: ‘ಬೆಂಗಳೂರಿನ ತಂಡವನ್ನು ಕಂಪನಿಯವರು ಮಾರುತ್ತಾರಂತೆ, ಹೆಸರು ಬದಲಾದರೆ ನನ್ನ ಮಾಲಿನ ಗತಿಯೇನು?’

ಆತನ ಭಯ ಅಕಾರಣವಾದುದಲ್ಲ. ತಿರುಪ್ಪೂರಿನಿಂದ ಉದ್ದರಿಯ ಮೇಲೆ ತಂದ ಮಾಲು ಅದು. 2024ರ ಮಾರ್ಚ್‌ನಲ್ಲಿ ತಂಡದ ಹೆಸರು ‘ಬ್ಯಾಂಗಲೋರ್’ನಿಂದ ‘ಬೆಂಗಳೂರು’ ಎಂದು ಬದಲಾದಾಗ, ಹಳೆಯ ಹೆಸರಿನ ಅಂಗಿಗಳು ಅವನ ಬಳಿ ಗಂಟುಗಟ್ಟಲೆ ಉಳಿದಿದ್ದವು. ಕನ್ನಡದ ಹೆಸರು ಬಂದದ್ದು ನಮಗೆಲ್ಲ ಸಂತಸದ ವಿಷಯವೇ. ಆದರೆ ಆ ಸಂತಸದ ಖರ್ಚು ಯಾರ ಖಾತೆಗೆ ಬಿತ್ತೆಂದು ಯಾರೂ ಕೇಳಲಿಲ್ಲ. ಆತನ ಪ್ರಶ್ನೆ ಮನಸ್ಸಿನಲ್ಲಿ ಉಳಿದುದರಿಂದ ಈ ಲೇಖನ.

ಆಟದ ವಿಷಯ ವಾಣಿಜ್ಯ ಪತ್ರಿಕೆಗೇಕೆ ಎಂದು ಕೆಲವರು ಹುಬ್ಬೇರಿಸಬಹುದು. 2008ರ ಜನವರಿ 24ರಂದು ಇಂಡಿಯನ್ ಪ್ರೀಮಿಯರ್ ಲೀಗ್‌ನ ತಂಡಗಳು ಹರಾಜಾದ ದಿನದಿಂದಲೇ ಅದು ವಾಣಿಜ್ಯದ ವಿಷಯವಾಗಿದೆ. ಅಂದು ಬೆಂಗಳೂರು ತಂಡವನ್ನು ವಿಜಯ ಮಲ್ಯ ಅವರ ಯುಬಿ ಸಮೂಹ 11.16 ಕೋಟಿ ಡಾಲರಿಗೂ, ನೆರೆಯ ಹೈದರಾಬಾದ್ ತಂಡವನ್ನು ಡೆಕ್ಕನ್ ಕ್ರಾನಿಕಲ್ ಪತ್ರಿಕಾ ಸಂಸ್ಥೆ 10.7 ಕೋಟಿ ಡಾಲರಿಗೂ ಕೊಂಡವು. ಒಂದು ಮದ್ಯದ ಮನೆತನ, ಇನ್ನೊಂದು ಪತ್ರಿಕೆಯ ಮನೆತನ. ಎರಡೂ ಮನೆಗಳ ಹಣಕಾಸು ಮುಂದೆ ಹದಗೆಟ್ಟಿತು. ಆದರೆ ಎರಡು ತಂಡಗಳ ಗತಿ ಮಾತ್ರ ಒಂದೇ ಆಗಲಿಲ್ಲ. ಏಕೆ ಎಂಬುದೇ ನಮ್ಮಂತಹವರು ವಿಚಾರ ಮಾಡಬೇಕಾದ ಸಂಗತಿ.

ಮೊದಲು ಹೈದರಾಬಾದಿನ ಕಥೆ. ಬೇಗಂ ಬಜಾರಿಗೆ ಮಾಲಿಗೆ ಹೋಗುವ ನಮ್ಮ ವರ್ತಕರಲ್ಲಿ ಅನೇಕರು ಆಗ ‘ಡೆಕ್ಕನ್ ಚಾರ್ಜರ್ಸ್’ ತಂಡದ ಅಭಿಮಾನಿಗಳಾಗಿದ್ದರು. ದಖ್ಖನ್ ಎಂಬ ಹೆಸರಿನಲ್ಲಿ ನಮ್ಮದೂ ಪಾಲಿದೆಯಲ್ಲವೇ! ಮೊದಲ ವರ್ಷ ಕೊನೆಯ ಸ್ಥಾನ ಪಡೆದ ಈ ತಂಡ 2009ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬೆಂಗಳೂರನ್ನೇ 6 ರನ್‌ಗಳಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. (ಬೆಂಗಳೂರು ಕೊನೆಗೂ ತನ್ನ ಮೊದಲ ಪ್ರಶಸ್ತಿಯನ್ನು 2025ರಲ್ಲಿ ಗೆದ್ದಾಗಲೂ ಅಂತರ 6 ರನ್ನೇ ಆಗಿತ್ತೆಂಬುದು ಲೆಕ್ಕದವರಿಗೆ ಇಷ್ಟವಾಗುವ ಸಂಗತಿ.) 2011ರ ಹರಾಜಿಗೆ ಮುನ್ನ ಈ ತಂಡ ತನ್ನ ಆಟಗಾರರಲ್ಲಿ ಒಬ್ಬನನ್ನೂ ಉಳಿಸಿಕೊಳ್ಳಲಿಲ್ಲ. ನಾಯಕ ಗಿಲ್‌ಕ್ರಿಸ್ಟ್ ಹೋದರು, ಯುವಕ ರೋಹಿತ್ ಶರ್ಮ ಮುಂಬೈ ಪಾಲಾದರು. ಇದಕ್ಕೆ ಹಣಕಾಸೊಂದೇ ಕಾರಣವೆಂದು ನಾನು ಹೇಳಲಾರೆ. ಆಟದ ಲೆಕ್ಕಾಚಾರವೂ ಇದ್ದೀತು. ಆದರೆ 2012ರ ಹೊತ್ತಿಗೆ ಮಾತೃಸಂಸ್ಥೆಯ ಮೇಲೆ ಬ್ಯಾಂಕುಗಳ ಸಾಲದ ಹೊರೆ ಬಿದ್ದಾಗ ಆಟಗಾರರ ಸಂಭಾವನೆಯೇ ಬಾಕಿ ಉಳಿಯಿತು. ಆ ಸೆಪ್ಟೆಂಬರ್‌ನಲ್ಲಿ ಕ್ರಿಕೆಟ್ ಮಂಡಳಿ ಒಪ್ಪಂದವನ್ನು ರದ್ದುಗೊಳಿಸಿತು. ನ್ಯಾಯಾಲಯ ಕೇಳಿದ 100 ಕೋಟಿ ರೂಪಾಯಿಯ ಬ್ಯಾಂಕ್ ಖಾತರಿಯನ್ನು ಒದಗಿಸಲು ಸಂಸ್ಥೆಗೆ ಸಾಧ್ಯವಾಗಲಿಲ್ಲ. ಅಕ್ಟೋಬರ್‌ನಲ್ಲಿ ಸನ್ ಟಿವಿ ಸಂಸ್ಥೆ ವರ್ಷಕ್ಕೆ 85.05 ಕೋಟಿ ರೂಪಾಯಿಗಳಂತೆ ಹೈದರಾಬಾದ್ ತಂಡವನ್ನು ಪಡೆದು ಹೊಸ ಹೆಸರಿಟ್ಟಿತು. ಆಟಗಾರರಲ್ಲಿ ಬಹಳಷ್ಟು ಮಂದಿ ಹಳಬರೇ. ಬದಲಾದದ್ದು ಪಗಾರದ ಚೀಟಿಗೆ ಸಹಿ ಹಾಕುವ ಕೈ ಮಾತ್ರ.

ಕೇರಳದ ಕೊಚ್ಚಿ ತಂಡದ ಕಥೆ ಇನ್ನೂ ಚಿಕ್ಕದು. 2010ರಲ್ಲಿ 33 ಕೋಟಿ ಡಾಲರಿಗೂ ಮಿಕ್ಕಿ ಕೂಗಿ ಪಡೆದ ಪಾಲುದಾರರು ತಮ್ಮೊಳಗೇ ಕಿತ್ತಾಡಿ, ಬ್ಯಾಂಕ್ ಖಾತರಿ ನೀಡಲಾಗದೆ 2011ರಲ್ಲಿಯೇ ತಂಡವನ್ನು ಕಳೆದುಕೊಂಡರು. ಹತ್ತು ವರ್ಷಗಳ ನಂತರ, 2021ರಲ್ಲಿ, ಆಸ್ಟ್ರೇಲಿಯದ ಬ್ರಾಡ್ ಹಾಡ್ಜ್ ತಮಗೂ ಸಹ ಆಟಗಾರರಿಗೂ ಶೇ. 35ರಷ್ಟು ಹಣ ಇನ್ನೂ ಬರಬೇಕಿದೆ ಎಂದು ಬಹಿರಂಗವಾಗಿ ಹೇಳಿಕೊಂಡರು. ಅಂತರರಾಷ್ಟ್ರೀಯ ಆಟಗಾರನೇ ಹತ್ತು ವರ್ಷ ಕಾಯಬೇಕಾದರೆ ಆ ತಂಡಕ್ಕೆ ಊಟ, ಬಟ್ಟೆ, ವಾಹನ ಒದಗಿಸಿದವರ ಪಾಡು ಊಹೆಗೆ ಬಿಟ್ಟದ್ದು.

ಇನ್ನು ಬೆಂಗಳೂರು. ತಂಡವಿದ್ದದ್ದು ಮದ್ಯ ತಯಾರಿಕೆಯ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಅಂಗಸಂಸ್ಥೆಯ ಒಡೆತನದಲ್ಲಿ; ಕಿಂಗ್‌ಫಿಷರ್ ವಿಮಾನ ಸಂಸ್ಥೆ ಬೇರೆ ಕಂಪನಿ. ಮನೆತನ ಒಂದೇ, ಖಾತೆ ಬೇರೆ. 2005ರಲ್ಲಿ ಹಾರಾಟ ಆರಂಭಿಸಿದ ವಿಮಾನ ಸಂಸ್ಥೆ 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿಯಿತು, ಸಾವಿರಾರು ನೌಕರರ ತಿಂಗಳುಗಟ್ಟಲೆಯ ಸಂಬಳ ಬಾಕಿ ಉಳಿಯಿತು. ಇತ್ತ 2014ರ ಫೆಬ್ರವರಿಯ ಹರಾಜಿನಲ್ಲಿ ಬೆಂಗಳೂರು ತಂಡ ಯುವರಾಜ್ ಸಿಂಗ್ ಅವರನ್ನು 14 ಕೋಟಿ ರೂಪಾಯಿಗೆ ಕೊಂಡಿತು. ಸಂಬಳ ಸಿಗದ ನೌಕರರು ಆ ಆಟಗಾರನಿಗೇ ಬಹಿರಂಗ ಪತ್ರ ಬರೆದು ಈ ತಂಡದ ಪರ ಆಡಬೇಡಿರೆಂದು ಬೇಡಿಕೊಂಡರು. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂದು ನಮ್ಮ ಕಡೆ ಜನ ಆಡಿಕೊಂಡದ್ದು ನೆನಪಿದೆ.

ಕಾನೂನಿನ ದೃಷ್ಟಿಯಿಂದ ಆ ಮಾತು ಪೂರ್ಣ ಸರಿಯಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ತಂಡದ 14 ಕೋಟಿ ವಿಮಾನ ಸಂಸ್ಥೆಯ ಗಲ್ಲಾಪೆಟ್ಟಿಗೆಯಿಂದ ಎತ್ತಿದ ಹಣವಲ್ಲ. ಆ ವರ್ಷ ಪ್ರತಿ ತಂಡವೂ ಆಟಗಾರರ ಮೇಲೆ ವ್ಯಯಿಸಬಹುದಾಗಿದ್ದ ಗರಿಷ್ಠ ಮೊತ್ತ 60 ಕೋಟಿ. ಸಿರಿವಂತ ಮಾಲೀಕನಿಗೂ ಅದಕ್ಕಿಂತ ಹೆಚ್ಚು ಸುರಿಯಲು ಅವಕಾಶವಿಲ್ಲ. ಪ್ರಸಾರ ಹಕ್ಕಿನ ಹಣದಲ್ಲಿ ದೊಡ್ಡ ಪಾಲು ಮಂಡಳಿಯಿಂದ ನೇರವಾಗಿ ತಂಡಗಳಿಗೆ ಹಂಚಿಕೆಯಾಗುತ್ತದೆ. ಈಚಿನ ಲೆಕ್ಕವನ್ನೇ ನೋಡಿರಿ: 2023ರಿಂದ 2027ರವರೆಗಿನ ಐದು ವರ್ಷಗಳ ಪ್ರಸಾರ ಹಕ್ಕು 48,390 ಕೋಟಿಗೆ ಹೋಯಿತು, ಅಂದರೆ ವರ್ಷಕ್ಕೆ ಸುಮಾರು 9,678 ಕೋಟಿ. 2025ರಲ್ಲಿ ತಂಡವೊಂದರ ಹರಾಜು ಮಿತಿ 120 ಕೋಟಿ. ಹತ್ತು ತಂಡಗಳಿಗೆ 1,200 ಕೋಟಿ. ಆಟಗಾರರ ಖರೀದಿಯ ಮಿತಿ ಒಟ್ಟಾಗಿ ಪ್ರಸಾರ ಹಣದ ಎಂಟನೆಯ ಒಂದು ಪಾಲನ್ನು ದಾಟುವುದಿಲ್ಲ. ಒಂದೂ ಟಿಕೆಟ್ ಮಾರಾಟವಾಗುವ ಮೊದಲೇ ಪಗಾರಕ್ಕೆ ದಾರಿ ಇದ್ದೇ ಇರುತ್ತದೆ. ಜೊತೆಗೆ ಬ್ಯಾಂಕ್ ಖಾತರಿ, ಮಂಡಳಿಯ ಕಣ್ಗಾವಲು. ಬೆಂಗಳೂರಿನ ಆಟಗಾರರನ್ನು ಕಾಪಾಡಿದ್ದು ಈ ಗೋಡೆ. ವಿಮಾನದ ಗಗನಸಖಿಗೂ ಸಾಮಾನು ಹೊರುವವನಿಗೂ ಅಂತಹ ಗೋಡೆಯನ್ನು ಯಾರೂ ಕಟ್ಟಿರಲಿಲ್ಲ. ಕಾನೂನು ಸರಿ, ಆದರೂ ನೌಕರರ ಪತ್ರದಲ್ಲಿದ್ದ ನೋವು ಸುಳ್ಳಲ್ಲ ಎಂಬುದು ನನ್ನ ಅಭಿಮತ. ಒಂದೇ ಮನೆಯ ಒಂದು ಕೋಣೆಯಲ್ಲಿ ಹಬ್ಬ, ಇನ್ನೊಂದರಲ್ಲಿ ಉಪವಾಸವಿದ್ದರೆ ಊರು ಕೋಣೆಗಳ ನಕ್ಷೆಯನ್ನು ನೋಡುವುದಿಲ್ಲ.

ಮುಂದಿನದು ತಮಗೆ ತಿಳಿದದ್ದೇ. ಬ್ರಿಟನ್ನಿನ ಡಿಯಾಜಿಯೋ ಕಂಪನಿ 2012ರ ಕೊನೆಯಲ್ಲಿ ಮಾಡಿಕೊಂಡ ಒಪ್ಪಂದದೊಂದಿಗೆ ಯುನೈಟೆಡ್ ಸ್ಪಿರಿಟ್ಸ್‌ನೊಳಕ್ಕೆ ಬಂದು, 2014ರಲ್ಲಿ ಅರ್ಧಕ್ಕಿಂತ ಹೆಚ್ಚು ಷೇರುಗಳ ಒಡೆತನ ಪಡೆಯಿತು. 2016ರ ಫೆಬ್ರವರಿಯಲ್ಲಿ ಮಲ್ಯ ಅಧ್ಯಕ್ಷ ಸ್ಥಾನ ತೊರೆದು ಮಾರ್ಚ್‌ನಲ್ಲಿ ದೇಶವನ್ನೂ ತೊರೆದರು. ಮದ್ಯದ ಕಂಪನಿಯ ಜೊತೆಗೆ ಕ್ರಿಕೆಟ್ ತಂಡವೂ, ಮಿಲ್ಲಿನ ಜೊತೆ ಬಂದ ತೂಕದ ಕಾಟಾದಂತೆ, ಹೊಸ ಒಡೆಯರ ಕೈಸೇರಿತು.

ಆಟಗಾರರ ಪಟ್ಟಿಯ ಮೇಲೆ ಇದರ ಪರಿಣಾಮವೇನು? ಹಳೆಯ ಪದ್ಧತಿಯಲ್ಲಿ ತಂಡವೆಂಬುದು ಮಾಲೀಕನ ವೈಭವದ ಪ್ರದರ್ಶನವೂ ಆಗಿತ್ತು. ಹೆಸರಿದ್ದ ಮೂರು ನಾಲ್ಕು ಆಟಗಾರರ ಮೇಲೆ ಹಣ ಹರಿಯಿತು, ಬೌಲಿಂಗ್ ಬಡವಾಯಿತು. 2025ಕ್ಕೆ ತಂಡ ಕಟ್ಟುವಾಗ ಕೊಹ್ಲಿಯವರಿಗೆ 21 ಕೋಟಿ ಕೊಟ್ಟರೂ ಉಳಿದದ್ದನ್ನು ಹರಡಿದರು: ಹೇಜಲ್‌ವುಡ್‌ಗೆ 12.5 ಕೋಟಿ, ಸಾಲ್ಟ್‌ಗೆ 11.5, ಪಾಟೀದಾರ್‌ಗೆ 11, ಜಿತೇಶ್‌ಗೆ 11, ಭುವನೇಶ್ವರ್‌ಗೆ 10.75. ನಮ್ಮ ರಾಯಚೂರಿನ ಮನೋಜ್ ಭಾಂಡಗೆಗೆ 30 ಲಕ್ಷ. ಅದೇ ಹರಾಜಿನಲ್ಲಿ ಕನ್ನಡಿಗ ಕೆ. ಎಲ್. ರಾಹುಲ್ 14 ಕೋಟಿಗೆ ದೆಹಲಿ ಸೇರಿದ್ದಕ್ಕೆ ಇಲ್ಲಿ ಎಷ್ಟೋ ಮಂದಿ ಸಿಡಿಮಿಡಿಗೊಂಡರು, ನಾನೂ ಕೂಡ. ಆದರೆ ಫಲ ಬಂದಿತು. ಜೂನ್ 3ರಂದು ಪ್ರಶಸ್ತಿ, ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಜನರ ಸಾವು. ಆ ನವೆಂಬರ್‌ನಲ್ಲಿ ಯುನೈಟೆಡ್ ಸ್ಪಿರಿಟ್ಸ್, ತನ್ನ ಮೂಲ ವ್ಯವಹಾರದ ಭಾಗವಲ್ಲದ ಈ ಕ್ರೀಡಾ ಹೂಡಿಕೆಯ ಬಗ್ಗೆ ಮರುಪರಿಶೀಲನೆ ಆರಂಭಿಸಿರುವುದಾಗಿ ಷೇರುಪೇಟೆಗೆ ತಿಳಿಸಿತು. ತಂಡ ಗೆದ್ದ ವರ್ಷವೇ ಮಾರಾಟದ ಮಾತೇ ಎಂದು ಅಭಿಮಾನಿ ಕೊರಗಿದ. ವ್ಯಾಪಾರಿಗೆ ಆಶ್ಚರ್ಯವಾಗಬೇಕಿಲ್ಲ; ತೊಗರಿಗೆ ಧಾರಣೆ ಬಂದಾಗ ತಾನೇ ನಾವು ಗೋದಾಮಿನ ಬಾಗಿಲು ತೆಗೆಯುವುದು?

ಅಮೆರಿಕದ ಬೇಸ್‌ಬಾಲ್‌ನಲ್ಲಿ ನಮ್ಮಂತಹ ಕಟ್ಟುನಿಟ್ಟಿನ ಸಂಬಳ ಮಿತಿ ಇಲ್ಲದ ಕಾರಣ ಮಾಲೀಕನ ಏರಿಳಿತ ನೇರವಾಗಿ ಮೈದಾನಕ್ಕಿಳಿಯುತ್ತದೆ. ವಿಡಿಯೋ ಬಾಡಿಗೆ ಉದ್ದಿಮೆಯಲ್ಲಿ ಹೆಸರು ಮಾಡಿದ್ದ ವೇಯ್ನ್ ಹೈಜೆಂಗಾ ಅವರ ಫ್ಲಾರಿಡಾ ಮಾರ್ಲಿನ್ಸ್ ತಂಡ 1997ರಲ್ಲಿ ವಿಶ್ವ ಸರಣಿ ಗೆದ್ದಿತು. ನಷ್ಟವಾಗುತ್ತಿದೆಯೆಂದು ಮಾಲೀಕರು ಪ್ರಮುಖ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆಯವರಿಗೆ ದಾಟಿಸಿದರು. ಮರುವರ್ಷ ಅದೇ ತಂಡ 108 ಪಂದ್ಯಗಳನ್ನು ಸೋತಿತು.

ಇಷ್ಟು ದೂರ ಹೋಗಬೇಕಿರಲಿಲ್ಲ, ನನ್ನ ಸ್ವಂತ ಬೇಳೆ ಗಿರಣಿಯೇ ಸಾಕಿತ್ತು. ಕೆಲವು ವರ್ಷಗಳ ಹಿಂದೆ ಗಿರಣಿಯ ದುಡಿಯುವ ಬಂಡವಾಳವನ್ನು ತೆಗೆದು ಕಲ್ಯಾಣ ಮಂಟಪವೊಂದಕ್ಕೆ ಹಾಕಿದೆ. ಮಂಟಪ ಅರ್ಧಕ್ಕೆ ನಿಂತಿತು. ಇತ್ತ ಸುಗ್ಗಿಯಲ್ಲಿ ತೊಗರಿ ಕೊಳ್ಳಲು ಕೈಯಲ್ಲಿ ಹಣವಿಲ್ಲ, ಮೂರು ತಿಂಗಳ ಪಗಾರ ತಡವಾಯಿತು. ಕಾಳನ್ನು ಅಂಗೈಯಲ್ಲಿ ಹಿಡಿದೇ ತೇವಾಂಶ ಹೇಳುತ್ತಿದ್ದ ನನ್ನ ಹಳೆಯ ಮೇಸ್ತ್ರಿ ಒಂದು ಮಾತೂ ಆಡದೆ ನೆರೆಯ ಜಿಲ್ಲೆಯ ಗಿರಣಿ ಸೇರಿದ. ಅವನ ಹಿಂದೆ ಇನ್ನಿಬ್ಬರು. ಗಿರಣಿಯಲ್ಲಿ ಒಂದು ರೂಪಾಯಿ ನಷ್ಟವಿರಲಿಲ್ಲ. ನಷ್ಟವಿದ್ದದ್ದು ನನ್ನ ಇನ್ನೊಂದು ಜೇಬಿನಲ್ಲಿ. ಅಂತಹ ಕೈ ನನಗೆ ಮತ್ತೆ ಸಿಗಲಿಲ್ಲ. ಬ್ಯಾಂಕಿನವರು ನನ್ನ ಎರಡೂ ಖಾತೆಗಳನ್ನು ಪ್ರತಿ ತಿಂಗಳು ನೋಡುತ್ತಿದ್ದರು. ಮೇಸ್ತ್ರಿಗೆ ಒಂದನ್ನೂ ನೋಡುವ ಹಕ್ಕಿರಲಿಲ್ಲ.

ಕ್ರಿಕೆಟ್ ಆಟಗಾರನಿಗೆ ಮಂಡಳಿ ಕಟ್ಟಿದ ಗೋಡೆಯಂತೆ ನಮಗೇನಿದೆ? ಸಣ್ಣ ತಯಾರಕರಿಗೆ 2006ರ ಎಂಎಸ್ಎಂಇ ಅಭಿವೃದ್ಧಿ ಕಾಯಿದೆಯಿದೆ. ಲಿಖಿತ ಕರಾರಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಈ ಅವಧಿಯಲ್ಲಿ ಹಣ ಕೊಡದ ಖರೀದಿದಾರನಿಗೆ ಆ ಖರ್ಚನ್ನು ಅದೇ ವರ್ಷದ ಆದಾಯದಿಂದ ಕಳೆಯಲು ಬಾರದಂತೆ 2023ರ ಹಣಕಾಸು ಕಾಯಿದೆ ಏರ್ಪಾಡು ಮಾಡಿತು. ಆದರೆ ನಮ್ಮ ಸದಸ್ಯರಲ್ಲಿ ಹೆಚ್ಚಿನವರಾದ ವರ್ತಕರಿಗೆ ಈ ಆಶ್ರಯವಿಲ್ಲ. 2021ರಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳನ್ನು ಉದ್ಯಮ್ ನೋಂದಣಿಯೊಳಗೆ ಸೇರಿಸಿಕೊಂಡದ್ದು ಆದ್ಯತಾ ವಲಯದ ಸಾಲದ ಮಟ್ಟಿಗೆ ಮಾತ್ರ. ಗೋಣಿಚೀಲ ಹೊಲಿದು ಕೊಟ್ಟವನಿಗೆ ರಕ್ಷಣೆಯುಂಟು, ಅದೇ ಚೀಲವನ್ನು ಕೊಂಡು ದೊಡ್ಡ ಕಂಪನಿಗೆ ಉದ್ದರಿ ಕೊಟ್ಟವನಿಗೆ ಇಲ್ಲ.

ಆದ್ದರಿಂದ ವಿಳಂಬ ಪಾವತಿಯ ರಕ್ಷಣೆಯನ್ನು ವರ್ತಕರಿಗೂ ವಿಸ್ತರಿಸಬೇಕೆಂದು ನಮ್ಮ ಸಂಸ್ಥೆ ಕೇಂದ್ರ ಸರ್ಕಾರಕ್ಕೆ ಮನವಿಪತ್ರ ಸಲ್ಲಿಸುವುದು ಸೂಕ್ತವೆಂದು ನನ್ನ ಸಲಹೆ. ನಾವೇ ಖರೀದಿದಾರರಾಗಿರುವಾಗ ಅದೇ ನಿಯಮ ನಮ್ಮ ಕುತ್ತಿಗೆಗೂ ಬರುತ್ತದೆಂಬ ಆಕ್ಷೇಪ ಏಳುವುದು ಖಚಿತ. ಏಳಲಿ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಬಿಚ್ಚುಮನಸ್ಸಿನಿಂದ ಚರ್ಚೆಯಾಗಲಿ. ತಮ್ಮ ಬಳಿ ಬಾಕಿ ಉಳಿದ ಬಿಲ್ಲುಗಳ ವಿವರವನ್ನು ದಿನಾಂಕ ಸಮೇತ ಕಾರ್ಯಾಲಯಕ್ಕೆ ತಲುಪಿಸಿದರೆ ಮನವಿಗೆ ಬಲ ಬರುತ್ತದೆ.

ಆ ಅಂಗಡಿಯಾತನಿಗೆ ಅಂದು ನಾನು ಹೇಳಿದ್ದು ಇಷ್ಟೇ: ಹೆಸರು ಬರೆದ ಅಂಗಿ ಕಡಿಮೆ ತರಿಸು, ಬರೀ ಕೆಂಪಂಗಿ ಹೆಚ್ಚು ತರಿಸು. ಆತ ನಕ್ಕು, ಮೊಮ್ಮಗನ ಅಳತೆಯದೊಂದನ್ನು ಹೆಸರಿರುವುದನ್ನೇ ಮಡಚಿ ಕೊಟ್ಟ. ನಗದು ಕೊಟ್ಟು ಬಂದೆ.